ಉರಿಸುವ ಮದ್ದು ಇಸುಬಿಗೆ ಬೇಡ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಮಗುವಿನ ಮೊಣಕೈ ಮಡಿಕೆಯಲ್ಲೋ ಮೊಣಕಾಲಿನ ಹಿಂಬದಿಯಲ್ಲೋ ಇಸುಬು ಕೆಂಪೇರಿ ಕಾಣಿಸಿಕೊಂಡರೆ ಮದ್ದು ಹೇಳುವವರಿಗೆ ಕೊರತೆಯಿಲ್ಲ. ತೆಂಗಿನೆಣ್ಣೆ ಸವರಿ ಎನ್ನುತ್ತಾರೆ ಒಬ್ಬರು, ಕಹಿಬೇವು ಅರೆದು ಮೆತ್ತಿ ಎನ್ನುತ್ತಾರೆ ಇನ್ನೊಬ್ಬರು. ಲಿಂಬೆರಸ, ಬೆಳ್ಳುಳ್ಳಿ, ಸುಣ್ಣ ಬೆರೆಸಿದ ಅರಸಿನ, ಕೇಪಳ ಹೂವಿನ ಎಣ್ಣೆ, ಗಂಜಿತಿಳಿ, ಕಡಲೆಹಿಟ್ಟು ಎಂದು ಪಟ್ಟಿ ಬೆಳೆಯುತ್ತದೆ. ಇವನ್ನೆಲ್ಲ ಪ್ರಕೃತಿಯ ಮದ್ದು ಎಂಬ ಒಂದೇ ಹೆಸರಿನಲ್ಲಿ ಕಟ್ಟಿಡುವುದರಿಂದ ದೊಡ್ಡ ತೊಂದರೆಯಾಗಿದೆ. ಈ ಪಟ್ಟಿಯಲ್ಲಿ ಒಂದಕ್ಕೊಂದು ತೀರ ವಿರುದ್ಧವಾದ ಎರಡು ಬಗೆಯ ಮದ್ದುಗಳಿವೆ. ಒಂದು ಬಗೆ ಒಣಗಿದ ಚರ್ಮಕ್ಕೆ ಜಿಡ್ಡು ಕೊಟ್ಟು ಅದನ್ನು ಕಾಯುತ್ತದೆ. ಇನ್ನೊಂದು ಬಗೆ ರೋಗವನ್ನು ಸುಟ್ಟು, ಒಣಗಿಸಿ, ಹೊರಗೆ ಓಡಿಸಲು ಹೊರಡುತ್ತದೆ. ಮೊದಲನೆಯದಕ್ಕೆ ಇಂದಿನ ವೈದ್ಯವಿಜ್ಞಾನದ ಬೆಂಬಲವಿದೆ, ಎರಡನೆಯದರಿಂದ ಮಕ್ಕಳು ನರಳುತ್ತಿದ್ದಾರೆ. ಹಚ್ಚಿದ್ದು ಉರಿದರೆ ಮದ್ದು ಹಿಡಿಯಿತು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಇಸುಬಿನ ಮಟ್ಟಿಗೆ ಆ ನಂಬಿಕೆಯನ್ನು ಬಿಡಲೇಬೇಕು ಎಂಬುದು ನನ್ನ ವಾದ.

ಇಸುಬು ಏಕೆ ಬರುತ್ತದೆ ಎಂಬುದನ್ನು ನೋಡಿದರೆ ಈ ವಾದದ ಬುಡ ತಿಳಿಯುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಇಸುಬನ್ನು, ಅಂದರೆ ಎಕ್ಸಿಮಾವನ್ನು, ವೈದ್ಯರು ಅಟೋಪಿಕ್ ಡರ್ಮಟೈಟಿಸ್ ಎನ್ನುತ್ತಾರೆ. ಅದು ಅಂಟುರೋಗವಲ್ಲ, ಕೊಳಕಿನಿಂದ ಬರುವುದಲ್ಲ, ರಕ್ತ ಕೆಟ್ಟು ಹೊರಬರುವ ವಿಷವೂ ಅಲ್ಲ. ನಮ್ಮ ಚರ್ಮದ ಹೊರಪದರದಲ್ಲಿ ಜೀವಕೋಶಗಳ ನಡುವೆ ಜಿಡ್ಡಿನ ಅಂಶ ತುಂಬಿಕೊಂಡು ಒಳಗಿನ ನೀರನ್ನು ಹಿಡಿದಿಡುತ್ತದೆ, ಹೊರಗಿನ ಧೂಳು, ಸೋಪು, ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಇಸುಬಿನ ಚರ್ಮ ಹಂಚು ಸರಿದ ಮಾಡಿನಂತೆ. ಒಳಗಿನದು ಆರುತ್ತದೆ, ಹೊರಗಿನದು ಇಳಿಯುತ್ತದೆ. ಫಿಲಾಗ್ರಿನ್ ಎಂಬ ಪ್ರೋಟೀನನ್ನು ತಯಾರಿಸುವ ವಂಶವಾಹಿಯಲ್ಲಿ ದೋಷವಿದ್ದವರಿಗೆ ಈ ತೊಂದರೆ ಹೆಚ್ಚು ಎಂದು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು 2006ರಲ್ಲಿ ತೋರಿಸಿಕೊಟ್ಟರು. ಇಸುಬಿರುವ ಪ್ರತಿಯೊಬ್ಬರಲ್ಲೂ ಆ ದೋಷ ಇರುವುದಿಲ್ಲ. ಆದರೂ ರೋಗದ ನಡೆ ಅಲ್ಲಿಂದ ಸ್ಪಷ್ಟವಾಯಿತು: ಚರ್ಮ ಮೊದಲು ಸೋರುತ್ತದೆ, ಆಮೇಲೆ ಉರಿಯೂತ, ತುರಿಕೆ, ತುರಿಸಿದಷ್ಟೂ ಚರ್ಮ ಇನ್ನಷ್ಟು ಒಡೆಯುತ್ತದೆ. ಒಡೆದಲ್ಲಿ ಸ್ಟಫೈಲೋಕಾಕಸ್ ಎಂಬ ಬ್ಯಾಕ್ಟೀರಿಯ ಮನೆಮಾಡಿ ಉರಿಯನ್ನು ಕೆರಳಿಸುತ್ತದೆ. ಹೀಗೆ ಇಸುಬಿನ ಚರ್ಮಕ್ಕೆ ಇರುವುದು ಕೊರತೆಯೇ ಹೊರತು ಕಿತ್ತು ಹಾಕಬೇಕಾದ ಹೆಚ್ಚುವರಿ ವಸ್ತುವಲ್ಲ.

ಈ ಕೊರತೆಯನ್ನು ತುಂಬುವ ವಸ್ತು ನಮ್ಮ ಅಡುಗೆಮನೆಯಲ್ಲೇ ಇದೆ. ಫಿಲಿಪೈನ್ಸ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೌಮ್ಯದಿಂದ ಮಧ್ಯಮ ಮಟ್ಟದ ಇಸುಬಿದ್ದ 117 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಸಿಕಾಯಿಯಿಂದ ತೆಗೆದ ಶುದ್ಧ ತೆಂಗಿನೆಣ್ಣೆ, ಇನ್ನೊಂದಕ್ಕೆ ಖನಿಜ ಎಣ್ಣೆ ಹಚ್ಚಿ 8 ವಾರ ನೋಡಿದರು. ಯಾರಿಗೆ ಯಾವ ಎಣ್ಣೆ ಎಂಬುದು ಪರೀಕ್ಷಿಸುವವರಿಗೆ ತಿಳಿದಿರಲಿಲ್ಲ. ರೋಗದ ತೀವ್ರತೆಯ ಅಂಕ ತೆಂಗಿನೆಣ್ಣೆಯ ಗುಂಪಿನಲ್ಲಿ ಸರಾಸರಿ ಶೇ. 68ರಷ್ಟು ಇಳಿದರೆ ಖನಿಜ ಎಣ್ಣೆಯ ಗುಂಪಿನಲ್ಲಿ ಶೇ. 38ರಷ್ಟು ಇಳಿಯಿತು. ಅದಕ್ಕೂ ಮುಂಚೆ, 2008ರಲ್ಲಿ ಅದೇ ದೇಶದ ವೈದ್ಯರು 52 ಮಂದಿ ವಯಸ್ಕರಲ್ಲಿ ತೆಂಗಿನೆಣ್ಣೆಯನ್ನೂ ಆಲಿವ್ ಎಣ್ಣೆಯನ್ನೂ ಹೋಲಿಸಿದ್ದರು. ಚರ್ಮದ ಮೇಲೆ ಸ್ಟಫೈಲೋಕಾಕಸ್ ಇದ್ದವರ ಪೈಕಿ ತೆಂಗಿನೆಣ್ಣೆ ಹಚ್ಚಿದ 20 ಮಂದಿಯಲ್ಲಿ ಕೊನೆಗೆ ಒಬ್ಬರಲ್ಲಿ ಮಾತ್ರ ಅದು ಉಳಿಯಿತು, ಆಲಿವ್ ಎಣ್ಣೆ ಹಚ್ಚಿದ 12 ಮಂದಿಯಲ್ಲಿ 6 ಮಂದಿಯಲ್ಲಿ ಉಳಿಯಿತು. ತೆಂಗಿನೆಣ್ಣೆಯ ಅರ್ಧದಷ್ಟು ಭಾಗ ಲಾರಿಕ್ ಆಮ್ಲ. ಬ್ಯಾಕ್ಟೀರಿಯವನ್ನು ಹತ್ತಿಕ್ಕುವ ಗುಣ ಅದಕ್ಕಿದೆ. ಎಣ್ಣೆಯೆಂದರೆ ಎಲ್ಲವೂ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಆಲಿವ್ ಎಣ್ಣೆ ಚರ್ಮದ ತಡೆಯನ್ನು ಇನ್ನಷ್ಟು ಸಡಿಲಿಸುತ್ತದೆ ಎಂದು 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ತೋರಿಸಿತು. ಮಗುವಿಗೆ ಒಳ್ಳೆಯದಾಗಲೆಂದು ಮಂಗಳೂರಿನ ಅಂಗಡಿಯಿಂದ ದುಬಾರಿ ಆಲಿವ್ ಎಣ್ಣೆ ತರುವವರು ಮನೆಯ ಕಾಯಿಯ ಎಣ್ಣೆಯನ್ನು ಬಿಟ್ಟು ಅದನ್ನು ಆರಿಸಿಕೊಳ್ಳಲು ಕಾರಣವೇ ಇಲ್ಲ.

ತೆಂಗಿನೆಣ್ಣೆಯ ಪರವಾಗಿ ಹೇಳುವಾಗ ಅದರ ಮಿತಿಯನ್ನೂ ಅಷ್ಟೇ ಗಟ್ಟಿಯಾಗಿ ಹೇಳದಿದ್ದರೆ ಅದು ಪ್ರಾಮಾಣಿಕ ವಾದವಾಗುವುದಿಲ್ಲ. ತೆಂಗಿನೆಣ್ಣೆಯ ಆ ಎರಡೂ ಅಧ್ಯಯನಗಳು ಚಿಕ್ಕವು, ಮಕ್ಕಳ ಅಧ್ಯಯನದಲ್ಲಿ ತೀವ್ರ ಇಸುಬಿನವರು ಇರಲಿಲ್ಲ. ಹುಟ್ಟಿದ ಮಗುವಿಗೆ ದಿನವೂ ಚರ್ಮ ಮೆದುವಾಗಿಸುವ ಮುಲಾಮು ಹಚ್ಚಿದರೆ ಇಸುಬು ಬರುವುದನ್ನೇ ತಡೆಯಬಹುದೇ ಎಂದು ಬ್ರಿಟನ್ನಿನಲ್ಲಿ 1,394 ಶಿಶುಗಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು; ತಡೆಯುವುದಿಲ್ಲ ಎಂಬುದೇ ಉತ್ತರ. ಆದ್ದರಿಂದ ಎಣ್ಣೆಯ ಕೆಲಸ ಬಂದ ರೋಗವನ್ನು ಹದದಲ್ಲಿಡುವುದು, ಒಮ್ಮೆ ಇಳಿದದ್ದು ಬೇಗ ಮತ್ತೆ ಏಳದಂತೆ ನೋಡಿಕೊಳ್ಳುವುದು. ನೀರು ಒಸರುವ, ಕೀವು ತುಂಬಿದ ಜಾಗಕ್ಕೆ ಎಣ್ಣೆ ಸಲ್ಲದು. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ, ಬಟ್ಟೆಯೇ ಒಣಗದ ಜುಲೈ ತಿಂಗಳಲ್ಲಿ, ತೊಡೆಸಂದಿ ಕಂಕುಳಿಗೆ ದಪ್ಪಗೆ ಎಣ್ಣೆ ಬಳಿದರೆ ಬೆವರು ಕಟ್ಟಿ ಬೇರೆ ತಾಪತ್ರಯ ಆಗುತ್ತದೆ. ಮಿಂದು ಮೈ ಒತ್ತಿ ಒರೆಸಿದ ಕೂಡಲೇ, ಚರ್ಮದಲ್ಲಿ ಇನ್ನೂ ತೇವವಿರುವಾಗ ತೆಳುವಾಗಿ ಹಚ್ಚುವುದು ಸರಿಯಾದ ಕ್ರಮ. ಗಂಧ ಬೆರೆಸದ, ಗಾಣದಿಂದ ಬಂದ ಅಥವಾ ಕಾಯಿಹಾಲು ಕಾಸಿ ತೆಗೆದ ಎಣ್ಣೆ ಸಾಕು. ಪೇಟೆಯ ತಲೆಗೂದಲಿನ ಎಣ್ಣೆಗಳಲ್ಲಿ ಸುವಾಸನೆಗಾಗಿ ಸೇರಿಸಿದ ವಸ್ತುಗಳೇ ಅಲರ್ಜಿಗೆ ಕಾರಣವಾಗಬಹುದು.

ಹಚ್ಚುವುದಕ್ಕಿಂತ ದೊಡ್ಡ ವಿಷಯ ಮೀಯುವುದು. ಕರಾವಳಿಯ ಬಚ್ಚಲಿನಲ್ಲಿ ಹಂಡೆಯ ಕೆಳಗೆ ಬೆಂಕಿ ಹಾಕಿ, ಹಬೆಯಾಡುವ ನೀರನ್ನು ಚೊಂಬು ಚೊಂಬಾಗಿ ಹೊಯ್ದುಕೊಳ್ಳುವ ಸುಖ ಇಲ್ಲಿಯವರಿಗೆ ಗೊತ್ತು. ಇಸುಬು ತುರಿಸುವಾಗ ಬಿಸಿನೀರು ಬಿದ್ದರೆ ಕ್ಷಣಕಾಲ ಹಾಯೆನಿಸುತ್ತದೆ ಎಂಬುದೂ ನಿಜ. ಆದರೆ ಆ ಬಿಸಿನೀರು ಚರ್ಮದ ಅಳಿದುಳಿದ ಜಿಡ್ಡನ್ನೂ ತೊಳೆದುಕೊಂಡು ಹೋಗುತ್ತದೆ, ಸ್ವಲ್ಪ ಹೊತ್ತಿನ ಬಳಿಕ ತುರಿಕೆ ದುಪ್ಪಟ್ಟಾಗುತ್ತದೆ. ಎಣ್ಣೆ ಹಚ್ಚಿದ ಮಗುವನ್ನು ಕಡಲೆಹಿಟ್ಟು ಹಾಕಿ ಉಜ್ಜಿ, ಬಿಸಿನೀರಿನಲ್ಲಿ ಮೀಯಿಸಿ, ಬೈರಾಸಿನಿಂದ ತಿಕ್ಕಿ ಒರೆಸಿದರೆ ಹಚ್ಚಿದ ಎಣ್ಣೆಗೆ ಅರ್ಥವೇ ಉಳಿಯುವುದಿಲ್ಲ. ಉಗುರುಬೆಚ್ಚಗಿನ ನೀರು, ಐದು ಹತ್ತು ನಿಮಿಷದ ಸ್ನಾನ, ಸೋಪು ಬೇಕಾದ ಕಡೆಗಷ್ಟೇ. ಇದಕ್ಕೆ ಕಾಸು ಖರ್ಚಿಲ್ಲ, ಅಡ್ಡ ಪರಿಣಾಮವಿಲ್ಲ, ಆದರೆ ಮನೆಮದ್ದಿನ ಪಟ್ಟಿಯಲ್ಲಿ ಇದು ಸಿಗುವುದೇ ಇಲ್ಲ. ನಮ್ಮಲ್ಲಿ ತಲೆ ಮೀಯಲು ಬಳಸುತ್ತಿದ್ದ ದಾಸವಾಳದ ಎಲೆಯ ಗೊಂಪು ನೊರೆಯಿಲ್ಲದೆ, ತೀಕ್ಷ್ಣತೆಯಿಲ್ಲದೆ ತೊಳೆಯುವ ವಸ್ತು. ಸೋಪಿನಿಂದ ಉರಿಯುವವರು ಕೈಯ ಒಂದು ಭಾಗಕ್ಕೆ ಹಚ್ಚಿ ನೋಡಿ, ಒಗ್ಗಿದರೆ ಬಳಸಬಹುದು. ಗಂಜಿತಿಳಿಯ ವಿಷಯದಲ್ಲಿ ಇನ್ನೂ ಗಟ್ಟಿ ಆಧಾರವಿದೆ. ಬೆಲ್ಜಿಯಂನ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನದಲ್ಲಿ ಅಕ್ಕಿಯ ಪಿಷ್ಟ ಬೆರೆಸಿದ ನೀರಿನಲ್ಲಿ ದಿನಕ್ಕೆ ಎರಡು ಬಾರಿ 15 ನಿಮಿಷ ಮೈ ನೆನೆಸಿದಾಗ ಹಾನಿಗೊಂಡ ಚರ್ಮ ಬೇಗ ಚೇತರಿಸಿಕೊಂಡಿತು. ಉಪ್ಪು ಹಾಕದ ಹೊಸ ಗಂಜಿತಿಳಿಯನ್ನು ಮೀಯುವ ನೀರಿಗೆ ಬೆರೆಸಿ, ಕೊನೆಗೆ ಬರೀ ನೀರಿನಲ್ಲಿ ತೊಳೆದುಕೊಂಡರೆ ಆಯಿತು. ರಾತ್ರಿ ತುರಿಕೆಯಿಂದ ನಿದ್ದೆಗೆಡುವ ಮಗುವಿಗೆ ಎಣ್ಣೆಯ ಮೇಲೆ, ಹಳೆಯ ಮೆತ್ತನೆಯ ಪಂಚೆಯ ತುಂಡನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ ಸುತ್ತಿ, ಅದರ ಮೇಲೆ ಒಣ ಬಟ್ಟೆ ತೊಡಿಸುವ ಕ್ರಮವನ್ನು ಚರ್ಮವೈದ್ಯರೂ ಒಪ್ಪುತ್ತಾರೆ.

ಇನ್ನು ಉರಿಸುವ ಮದ್ದುಗಳು. ಲಿಂಬೆರಸ ಹುಳಿ, ಒಡೆದ ಚರ್ಮಕ್ಕೆ ಬಿದ್ದರೆ ಉರಿಯೂತ ಹೆಚ್ಚುತ್ತದೆ. ರಸ ಮೆತ್ತಿದ ಜಾಗಕ್ಕೆ ಬಿಸಿಲು ತಾಗಿದರೆ ಗುಳ್ಳೆಯೆದ್ದು ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಅರೆದ ಬೆಳ್ಳುಳ್ಳಿಯನ್ನು ಕಟ್ಟಿಟ್ಟರೆ ಚರ್ಮ ಬೆಂದುಹೋಗುತ್ತದೆ, ವೈದ್ಯಕೀಯ ಪತ್ರಿಕೆಗಳಲ್ಲಿ ಇಂಥ ಮಕ್ಕಳ ವರದಿಗಳು ಹಲವಿವೆ. ಸುಣ್ಣ ತೀವ್ರ ಕ್ಷಾರ, ಆರೋಗ್ಯವಂತ ಚರ್ಮ ಬಯಸುವುದು ತುಸು ಆಮ್ಲೀಯ ಸ್ಥಿತಿಯನ್ನು. ಹಾಗಾಗಿ ಸುಣ್ಣ ಬೆರೆತ ಅರಸಿನದ ಪಟ್ಟು ಇಸುಬಿಗೆ ನೇರ ಶತ್ರು. ಕಹಿಬೇವಿಗೂ ಅರಸಿನಕ್ಕೂ ಬ್ಯಾಕ್ಟೀರಿಯವನ್ನು ತಡೆಯುವ ಗುಣವಿದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ಗಾಜಿನ ತಟ್ಟೆಯಲ್ಲಿ ಕಂಡ ಗುಣ ಮಗುವಿನ ಚರ್ಮದ ಮೇಲೆ ಮದ್ದಾಗಿ ನಡೆಯುತ್ತದೆಂದು ಸಾಧಿಸಿದಂತಾಗುವುದಿಲ್ಲ, ಅವೆರಡರಿಂದಲೂ ಅಲರ್ಜಿ ಬಂದವರಿದ್ದಾರೆ. ಕಡಲೆಹಿಟ್ಟು, ಹಾಲು, ಶೇಂಗಾ ಎಣ್ಣೆಯಂಥ ತಿನ್ನುವ ವಸ್ತುಗಳನ್ನು ಒಡೆದ ಚರ್ಮಕ್ಕೆ ಹಚ್ಚುವುದರಲ್ಲಿ ಹೆಚ್ಚಿನವರು ಯೋಚಿಸದ ಒಂದು ಅಪಾಯವಿದೆ. ಶೇಂಗಾ ಎಣ್ಣೆಯಿದ್ದ ಮುಲಾಮುಗಳನ್ನು ಕೆಂಪೆದ್ದ ಚರ್ಮಕ್ಕೆ ಹಚ್ಚಿಸಿಕೊಂಡ ಮಕ್ಕಳಲ್ಲಿ ಶೇಂಗಾ ಅಲರ್ಜಿ ಹೆಚ್ಚು ಎಂದು 2003ರಲ್ಲಿ ಬ್ರಿಟನ್ನಿನ ಸಂಶೋಧಕರು ಕಂಡುಕೊಂಡರು. ಜಪಾನಿನಲ್ಲಿ ಗೋಧಿಯ ಪ್ರೋಟೀನು ಸೇರಿಸಿದ್ದ ಮುಖದ ಸೋಪೊಂದನ್ನು ಬಳಸಿದ 2,000ಕ್ಕೂ ಹೆಚ್ಚು ಮಂದಿಗೆ ಗೋಧಿ ತಿಂದರೆ ಆಗದ ಸ್ಥಿತಿ ಬಂತು. ಹೊಟ್ಟೆಯ ಮೂಲಕ ಬಂದಾಗ ದೇಹ ಆಹಾರವೆಂದು ಒಪ್ಪಿಕೊಳ್ಳುವ ವಸ್ತುವನ್ನು, ಒಡೆದ ಚರ್ಮದ ಮೂಲಕ ಬಂದಾಗ ವೈರಿಯೆಂದು ಗುರುತಿಸಿಟ್ಟುಕೊಳ್ಳುವ ಸಂಭವವಿದೆ. ಗಂಜಿತಿಳಿಯಲ್ಲಿ ಇರುವುದು ಬಹುಪಾಲು ಪಿಷ್ಟವೇ ಆದರೂ ಅದನ್ನು ಕೊನೆಗೆ ತೊಳೆಯಲು ಹೇಳಿದ್ದು ಈ ಎಚ್ಚರದಿಂದಲೇ.

ಅಜ್ಜಿಯಂದಿರ ಕಾಲದಲ್ಲಿ ಬೇವು ಅರಸಿನದಿಂದಲೇ ಮಕ್ಕಳು ಗುಣವಾಗಲಿಲ್ಲವೇ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ, ಬರಬೇಕಾದದ್ದೇ. ಇಸುಬು ಏರಿಳಿಯುವ ರೋಗ. ತೀರ ಕೆರಳಿದಾಗ ಮದ್ದು ಹುಡುಕುತ್ತೇವೆ. ಆಮೇಲೆ ಅದು ತಾನಾಗಿಯೇ ಒಂದಿಷ್ಟು ಇಳಿಯುವ ಹೊತ್ತು, ಕೀರ್ತಿ ಆಗ ಹಚ್ಚಿದ ಮದ್ದಿಗೆ ಹೋಗುತ್ತದೆ. ಬಾಲ್ಯದ ಇಸುಬು ಎಷ್ಟೋ ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ಬಹಳ ಕಡಿಮೆಯಾಗುತ್ತದೆ. ಏನನ್ನೂ ಹಚ್ಚದೆ ಬಿಟ್ಟ ಮಗುವೂ ಗುಣವಾಗುತ್ತಿತ್ತೇ ಎಂಬುದನ್ನು ಒಂದು ಮನೆಯ ಅನುಭವದಿಂದ ಹೇಳಲು ಬರುವುದಿಲ್ಲ. ಅದಕ್ಕಾಗಿಯೇ ಎರಡು ಗುಂಪು ಮಾಡಿ ಹೋಲಿಸುವ ಪ್ರಯೋಗ ಬೇಕಾಗುವುದು. ಆಯುರ್ವೇದವನ್ನು ಮುಂದಿಟ್ಟು ಆಕ್ಷೇಪಿಸುವವರಿಗೆ ನನ್ನ ಉತ್ತರ ಬೇರೆ. ಶಾಸ್ತ್ರೀಯ ಆಯುರ್ವೇದ ಸಿಕ್ಕಿದ್ದನ್ನೆಲ್ಲ ಅರೆದು ಮೆತ್ತಲು ಹೇಳಿಲ್ಲ. ಚರಕಸಂಹಿತೆ ಚರ್ಮರೋಗಗಳನ್ನು ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ ಎಂದು ಹದಿನೆಂಟಾಗಿ ವಿಂಗಡಿಸುತ್ತದೆ. ಇಸುಬಿಗೆ ಹತ್ತಿರವಾದ ವಿಚರ್ಚಿಕೆಯನ್ನು ಚರಕ ನೀರೊಸರುವ ರೋಗವೆಂದು ಬಣ್ಣಿಸಿದರೆ ಸುಶ್ರುತ ಅದರ ಒಣ ರೂಪವನ್ನು ಹೇಳುತ್ತಾನೆ. ಒಸರುವುದಕ್ಕೆ ಒಂದು, ಒಣಗಿದ್ದಕ್ಕೆ ಇನ್ನೊಂದು ಎಂದು ಹಂತ ನೋಡಿ ಚಿಕಿತ್ಸೆ ಮಾಡಬೇಕೆಂಬ ಶಿಸ್ತು ಅದರಲ್ಲೇ ಇದೆ. ನಮ್ಮ ಆಟಿ ಅಮಾವಾಸ್ಯೆಯ ಕಷಾಯವನ್ನೇ ನೋಡಿ. ಪಾಲೆ ಮರದ ತೊಗಟೆಯನ್ನು ಯಾವಾಗ, ಹೇಗೆ ತೆಗೆಯಬೇಕು, ಎಷ್ಟು ಕುಡಿಯಬೇಕು, ಮೇಲಿಂದ ಮೆಂತೆ ಗಂಜಿ ಏಕೆ ಉಣ್ಣಬೇಕು ಎಂಬುದೆಲ್ಲ ಕಟ್ಟಳೆಯಾಗಿ ಬಂದಿದೆ. ಮರ ತಪ್ಪಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಕುತ್ತು ಎಂದು ಬಲ್ಲವರು ಎಚ್ಚರಿಸುತ್ತಾರೆ. ಪರಂಪರೆಯ ಹೆಸರು ಹೇಳುವವರು ಆ ಎಚ್ಚರವನ್ನೂ ಹೊರಬೇಕು. ಮೊಬೈಲಿನಲ್ಲಿ ಬಂದ ಅರ್ಧ ನಿಮಿಷದ ವಿಡಿಯೊ ನೋಡಿ ಮಗುವಿನ ಮೈಗೆ ಬೆಳ್ಳುಳ್ಳಿ ಕಟ್ಟುವುದು ಯಾವ ಪರಂಪರೆಯೂ ಅಲ್ಲ.

ಕಂಡದ್ದೆಲ್ಲ ಇಸುಬೂ ಅಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ದುಡಿಮೆಯನ್ನೇ ನೋಡಿದರೆ ಚರ್ಮ ಕೆರಳಲು ಎಷ್ಟು ದಾರಿಗಳಿವೆ ಎಂದು ತಿಳಿಯುತ್ತದೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಇರುತ್ತದೆ. ಮರದ ಮೇಲಿಂದ ಅದು ಮೈಮೇಲೆಯೇ ಸುರಿಯುತ್ತದೆ. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಬಳಸುವ ಫಾರ್ಮಿಕ್ ಆಮ್ಲ ಕೈಯನ್ನು ಸುಡುತ್ತದೆ. ಬೀಡಿ ಕಟ್ಟುವ ಬೆರಳುಗಳಿಗೆ ಹೊಗೆಸೊಪ್ಪಿನ ಪುಡಿ ಬಿಡದೆ ತಾಗುತ್ತದೆ. ಕಾಡಿನಲ್ಲಿ ಚೇರೆ ಮರದ ಸೊನೆ ತಾಗಿದವರ ಮುಖ ಊದಿಕೊಳ್ಳುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ಗೇರುಬೀಜದ ಸಿಪ್ಪೆಯ ಎಣ್ಣೆಯೂ ಅದೇ ಕುಲಕ್ಕೆ ಸೇರಿದ್ದು. ಗೇರುಬೀಜ ಒಡೆಯುವ ಹೆಂಗಸರು ಕೆಲಸಕ್ಕೆ ಕೂರುವ ಮೊದಲೇ ಕೈಗೆ ಎಣ್ಣೆ ಸವರಿಕೊಳ್ಳುವ ಕ್ರಮವಿದೆ. ಪುಸ್ತಕ ಓದದೆ ದುಡಿಮೆಯಿಂದ ಕಲಿತ ಈ ತಿಳಿವಳಿಕೆಯನ್ನು ನಾನು ಎಲ್ಲ ಮನೆಮದ್ದುಗಳಿಗಿಂತ ಮೇಲಿಡುತ್ತೇನೆ, ಏಕೆಂದರೆ ಅದು ಚರ್ಮ ಒಡೆಯುವ ಮುಂಚೆ ಕಾಯುತ್ತದೆ. ಇಂಥ ಕೆರಳಿಕೆಗೆ ಕೈಗವಸು ತೊಡುವುದು, ದ್ರಾವಣ ಬಿದ್ದ ಬಟ್ಟೆಯನ್ನು ತಕ್ಷಣ ಕಳಚಿ ತೊಳೆದುಕೊಳ್ಳುವುದು ಮೊದಲ ಮದ್ದು. ಕಾರಣ ತೊಲಗದೆ ಯಾವ ಎಣ್ಣೆಯೂ ಗೆಲ್ಲದು.

ಇನ್ನೊಂದು ದೊಡ್ಡ ಗೊಂದಲ ಹುಳಕಡ್ಡಿಯದು. ತೊಡೆ, ಸೊಂಟದಲ್ಲಿ ಉಂಗುರದಂತೆ ಹರಡುವ, ಅಂಚು ಕೆಂಪಾಗಿ ನಡು ತಿಳಿಯಾಗಿರುವ ತುರಿಕೆ ಶಿಲೀಂಧ್ರದಿಂದ ಬರುವುದು, ಒಬ್ಬರಿಂದ ಒಬ್ಬರಿಗೆ ಅಂಟುವುದು. ಮೆಡಿಕಲ್ಲಿಗೆ ಹೋಗಿ ತುರಿಕೆಗೊಂದು ಟ್ಯೂಬ್ ಕೊಡಿ ಎಂದರೆ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಎಲ್ಲ ಕಲಸಿದ ಮುಲಾಮು ಕೈಗೆ ಬರುವುದುಂಟು. ಹುಳಕಡ್ಡಿಗೆ ಸ್ಟೀರಾಯ್ಡ್ ಬಿದ್ದರೆ ಎರಡು ದಿನ ಕೆಂಪು ಇಳಿದು, ಆಮೇಲೆ ಗುರುತೇ ಸಿಗದ ರೂಪದಲ್ಲಿ ಹಬ್ಬುತ್ತದೆ. ಭಾರತದಲ್ಲಿ ಬೇರುಬಿಟ್ಟ, ಮಾಮೂಲಿ ಔಷಧಕ್ಕೆ ಜಗ್ಗದ ಶಿಲೀಂಧ್ರವೊಂದಕ್ಕೆ ವಿಜ್ಞಾನಿಗಳು 2020ರಲ್ಲಿ ನಮ್ಮ ದೇಶದ ನೆನಪು ತರುವಂತೆ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟಿದ್ದಾರೆ. ಈ ದುರ್ಬಳಕೆಯ ವಿರುದ್ಧ ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಹೋರಾಡಿದ ಬಳಿಕ 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ಕಾಗದದಲ್ಲಿರುವುದಕ್ಕೂ ಅಂಗಡಿಯ ಕಟ್ಟೆಯ ಮೇಲೆ ಜಾರಿಗೆ ಬರುವುದಕ್ಕೂ ದೂರ ಇನ್ನೂ ಇದೆ.

ಇಂಥ ದುರ್ಬಳಕೆ ಕಂಡು ಹೆದರಿದವರು ಇನ್ನೊಂದು ತುದಿಗೆ ಹೋಗಿ, ಇಸುಬಿಗೆ ಸ್ಟೀರಾಯ್ಡ್ ಮುಟ್ಟಿಸುವುದೇ ಇಲ್ಲ, ಗಿಡಮೂಲಿಕೆಯೇ ಸಾಕು ಎಂದು ಹಟ ಹಿಡಿಯುತ್ತಾರೆ. ಅವರ ಭಯಕ್ಕೆ ಕಾರಣವಿದೆ. ತೀವ್ರ ಸ್ಟೀರಾಯ್ಡನ್ನು ತಿಂಗಳುಗಟ್ಟಲೆ, ಅದರಲ್ಲೂ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಆದರೆ ಕೆರಳಿದ ಇಸುಬಿಗೆ ವೈದ್ಯರು ಹೇಳಿದ ಬಲದ್ದನ್ನು, ಹೇಳಿದಷ್ಟು ದಿನ ಹಚ್ಚುವುದು ಬೇರೆಯೇ ಸಂಗತಿ. ಬಲವಾದ ಮುಲಾಮನ್ನು ದಿನಕ್ಕೊಮ್ಮೆ ಹಚ್ಚಿದರೂ ಎರಡು ಬಾರಿ ಹಚ್ಚಿದಷ್ಟೇ ಪರಿಣಾಮ ಎಂದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2022ರ ಪರಿಶೀಲನೆ ಹೇಳಿದೆ. ಬೆರಳ ತುದಿಯ ಗೆಣ್ಣಿನಷ್ಟು ಉದ್ದಕ್ಕೆ ಹಿಂಡಿದ ಮುಲಾಮು, ಅಂದರೆ ಸುಮಾರು ಅರ್ಧ ಗ್ರಾಂ, ದೊಡ್ಡವರ ಎರಡು ಅಂಗೈ ಅಗಲದ ಜಾಗಕ್ಕೆ ಸಾಕು. ಗಿಡಮೂಲಿಕೆಯೆಂದು ಮಾರುವ ಕ್ರೀಮು ನಿಜಕ್ಕೂ ಗಿಡಮೂಲಿಕೆಯೇ ಎಂಬ ಖಾತ್ರಿಯೂ ಇಲ್ಲ. ಲಂಡನ್ನಿನ ವೈದ್ಯರು ಚರ್ಮರೋಗಕ್ಕೆ ಕೊಡುತ್ತಿದ್ದ 11 ಚೀನೀ ಮೂಲಿಕೆ ಕ್ರೀಮುಗಳನ್ನು ಪರೀಕ್ಷಿಸಿ 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. 8 ಕ್ರೀಮುಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸಿಕ್ಕಿತು. ಜಾತ್ರೆಯಲ್ಲೋ ಆನ್‌ಲೈನಿನಲ್ಲೋ ಕೊಂಡ, ಒಳಗೇನಿದೆಯೆಂದು ಬರೆಯದ ಡಬ್ಬಿಯ ಮುಲಾಮು ಎರಡೇ ದಿನದಲ್ಲಿ ಪವಾಡ ಮಾಡಿದರೆ ಅನುಮಾನಪಡಲು ಇಷ್ಟು ಸಾಕು. ಜ್ವರದೊಂದಿಗೆ ಒತ್ತೊತ್ತಾಗಿ ನೀರುಗುಳ್ಳೆ ಎದ್ದರೆ, ಕೀವು ಕಟ್ಟಿ ಹಳದಿ ಹಕ್ಕಳೆ ಹರಡಿದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಪಥ್ಯದ ಬಗ್ಗೆ ಒಂದು ಮಾತು. ನಂಜು ಎಂದು ಬದನೆ, ಸಿಗಡಿ, ಒಣಮೀನು, ಮೊಟ್ಟೆ, ಹಲಸು ಎಲ್ಲವನ್ನೂ ಮಗುವಿನ ಬಟ್ಟಲಿನಿಂದ ತೆಗೆಯುವ ಮನೆಗಳು ಬಹಳ. ಆಹಾರದ ಅಲರ್ಜಿ ಪರೀಕ್ಷೆಯಿಂದ ಖಚಿತವಾದ ಕೆಲವು ಮಕ್ಕಳಿಗೆ ಆ ಆಹಾರ ಬಿಡಿಸುವುದು ಸರಿ. ಹಾಗಲ್ಲದೆ ಸುಮ್ಮನೆ ಬಿಡಿಸುವುದರಿಂದ ಇಸುಬು ಇಳಿಯುತ್ತದೆ ಎನ್ನಲು ಕಾಕ್ರೇನ್‌ನ 2008ರ ಪರಿಶೀಲನೆಗೆ ಆಧಾರ ಸಿಗಲಿಲ್ಲ. ಬೆಳೆಯುವ ಮಗುವಿಗೆ ಮೀನು, ಮೊಟ್ಟೆ ತಪ್ಪಿಸಿದ ನಷ್ಟ ಮಾತ್ರ ಖಚಿತ. ಇಸುಬು ನಾಗದೋಷದಿಂದ ಬರುತ್ತದೆ ಎಂಬ ನಂಬಿಕೆಗೂ ಇದೇ ಮರ್ಯಾದೆಯಿಂದ ಉತ್ತರಿಸುತ್ತೇನೆ. ಕುಕ್ಕೆಗೆ ಹೋಗಿ ಬರುವುದರಿಂದ, ಬನದಲ್ಲಿ ತಂಬಿಲ ಕೊಡುವುದರಿಂದ ಮನೆಯವರ ಮನಸ್ಸಿಗೆ ಸಿಗುವ ಧೈರ್ಯವನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ, ಮನಸ್ಸಿನ ಕಳವಳದಿಂದ ತುರಿಕೆ ಹೆಚ್ಚುತ್ತದೆ ಎಂಬುದೂ ದಿಟ. ಪ್ರಸಾದದ ಮೃತ್ತಿಕೆ ಹಣೆಯಲ್ಲಿರಲಿ, ಒಡೆದ ಗಾಯಕ್ಕೆ ಮಣ್ಣು ಬೇಡ. ಇಸುಬಿರುವ ಹುಡುಗಿಯನ್ನು ದೋಷವುಳ್ಳವಳೆಂದು ನೋಡುವ, ಮದುವೆಯ ಮಾತು ಬಂದಾಗ ಮುಚ್ಚಿಡಿಸುವ ಕ್ರೌರ್ಯವನ್ನು ಮಾತ್ರ ಯಾವ ದೇವರೂ ಕೇಳಿಲ್ಲ.

ಮನೆಮದ್ದನ್ನು ಪರೀಕ್ಷೆಗೆ ಒಡ್ಡುವುದು ಅದಕ್ಕೆ ಮಾಡುವ ಅವಮಾನವೆಂದು ಕೆಲವರು ತಿಳಿಯುತ್ತಾರೆ. ಪಕ್ಕದ ಕಾಸರಗೋಡಿನಲ್ಲಿ ಇದಕ್ಕೆ ವಿರುದ್ಧವಾದ ನಿದರ್ಶನವಿದೆ. ಚರ್ಮವೈದ್ಯ ಡಾ. ಎಸ್. ಆರ್. ನರಹರಿ ಮತ್ತು ಸಂಗಡಿಗರು 1999ರಲ್ಲಿ ಕಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ, ಆಕ್ಸ್‌ಫರ್ಡಿನ ಚರ್ಮವೈದ್ಯ ಟೆರೆನ್ಸ್ ರಯಾನ್ ಅವರ ಸಹಯೋಗದಲ್ಲಿ, ಆನೆಕಾಲು ರೋಗಕ್ಕೆ ಆಯುರ್ವೇದ, ಯೋಗ, ಆಧುನಿಕ ವೈದ್ಯ ಮೂರನ್ನೂ ಸೇರಿಸಿದ ಚಿಕಿತ್ಸಾಕ್ರಮ ರೂಪಿಸಿತು. ಕಾಲನ್ನು ತೊಳೆದು ಒಣಗಿಸುವುದು, ಕಷಾಯದಲ್ಲಿ ನೆನೆಸುವುದು, ತೈಲ ಹಚ್ಚಿ ನೀವುವುದು, ಯೋಗ, ಬಿಗಿ ಬ್ಯಾಂಡೇಜು, ಸೋಂಕಿದ್ದರೆ ಅದಕ್ಕೆ ಔಷಧ. ಪ್ರತಿ ಹಂತವನ್ನೂ ಅಳೆದು ಬರೆದಿಟ್ಟರು, ಕಲಬುರಗಿ, ಆಲಪ್ಪುಳ ಜಿಲ್ಲೆಗಳ ಹಳ್ಳಿಗಳಲ್ಲಿ ಮಾಡಿ ನೋಡಿದರು, ಫಲಿತಾಂಶವನ್ನು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟಿಸಿದರು. ನಮ್ಮಲ್ಲಿಯೂ ಕಸುವು ಕಡಿಮೆಯಿಲ್ಲ. ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು 1989ರಿಂದ ಇದೆ, ಮೂಡುಬಿದಿರೆಯಲ್ಲಿ ಆಳ್ವಾಸ್‌ನ ಆಯುರ್ವೇದ ಕಾಲೇಜು ಇದೆ, ಮಂಗಳೂರಿನ ವೈದ್ಯಕೀಯ ಕಾಲೇಜುಗಳಲ್ಲಿ ಚರ್ಮರೋಗ ವಿಭಾಗಗಳಿವೆ.

ಇವರೆಲ್ಲ ಕೂಡಿ ಮಾಡಬಹುದಾದ ಒಂದು ಕೆಲಸ ಕಣ್ಣೆದುರಿಗೇ ಇದೆ. ಕೇಪಳ ಹೂವನ್ನು ತೆಂಗಿನೆಣ್ಣೆಯಲ್ಲಿ ಕಾಸಿ ಮಕ್ಕಳ ಮೈಗೆ ಹಚ್ಚುವ ರೂಢಿ ಕೇರಳದಿಂದ ನಮ್ಮ ಜಿಲ್ಲೆಯವರೆಗೂ ಇದೆ. ಆ ಎಣ್ಣೆಯಿಂದ ಒಳ್ಳೆಯದಾದರೆ ಅದು ಹೂವಿನ ಗುಣವೇ, ಬರೀ ಎಣ್ಣೆಯ ಗುಣವೇ? ಮೂರು ತಾಲೂಕುಗಳ ಇಸುಬಿನ ಮಕ್ಕಳನ್ನು ಹೆತ್ತವರ ಒಪ್ಪಿಗೆ ಪಡೆದು ಎರಡು ಗುಂಪು ಮಾಡಲಿ. ಒಂದಕ್ಕೆ ಕೇಪಳದ ಎಣ್ಣೆ, ಇನ್ನೊಂದಕ್ಕೆ ಬಣ್ಣದಿಂದ ಗುರುತು ಸಿಗದಂತೆ ಸಿದ್ಧಪಡಿಸಿದ ಬರೀ ತೆಂಗಿನೆಣ್ಣೆ ಕೊಡಲಿ. ಸ್ನಾನದ ಕ್ರಮ ಎರಡಕ್ಕೂ ಒಂದೇ ಇರಲಿ, ಕೆರಳಿದಾಗ ಬೇಕಾದ ಔಷಧ ಎರಡಕ್ಕೂ ಸಿಗಲಿ. ಮಳೆಗಾಲವನ್ನೂ ಸೆಕೆಗಾಲವನ್ನೂ ದಾಟುವಷ್ಟು ದಿನ ನಡೆಯಲಿ, ಏಕೆಂದರೆ ನಮ್ಮ ಇಸುಬು ಯುರೋಪಿನ ಒಣ ಚಳಿಯದ್ದಲ್ಲ, ಬೆವರು ಮತ್ತು ತೇವದ್ದು. ಹೂವಿನಿಂದ ಹೆಚ್ಚಿನ ಲಾಭವಿಲ್ಲವೆಂದು ಕಂಡರೂ ಅದನ್ನು ಮುಚ್ಚಿಡದೆ ಪ್ರಕಟಿಸಬೇಕು; ಎಷ್ಟೋ ತಾಯಂದಿರ ಶ್ರಮ ಉಳಿಯುತ್ತದೆ. ಅಲ್ಲಿಯವರೆಗೆ ಆರೋಗ್ಯ ಇಲಾಖೆ ಒಂದು ಪುಟದ ಸೂಚನೆಯನ್ನು ಕನ್ನಡ, ತುಳು, ಬ್ಯಾರಿ ಭಾಷೆಗಳಲ್ಲಿ ಸಿದ್ಧಪಡಿಸಿ ಆಶಾ ಕಾರ್ಯಕರ್ತೆಯರ, ಅಂಗನವಾಡಿಗಳ, ಮೆಡಿಕಲ್ ಅಂಗಡಿಗಳ ಮೂಲಕ ಮನೆಮನೆಗೆ ಮುಟ್ಟಿಸಲಿ: ಬೆಚ್ಚಗಿನ ನೀರು, ತೆಳುವಾಗಿ ತೆಂಗಿನೆಣ್ಣೆ, ಉಂಗುರದಂತೆ ಹರಡಿದರೆ ಅಥವಾ ಕೀವಾದರೆ ವೈದ್ಯರು, ಚೀಟಿಯಿಲ್ಲದೆ ಟ್ಯೂಬ್ ಬೇಡ, ಉರಿಯುವ ಯಾವುದನ್ನೂ ಮಗುವಿನ ಮೈಗೆ ಹಚ್ಚಬೇಡಿ.